ಮೊದಲ ಎರಡು ಸೆಕೆಂಡು, ಆಮೇಲಿನ ಇಪ್ಪತ್ತು ನಿಮಿಷ

(ಮೈಸೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡೋಣ. ಎರಡು ಸಾವಿರ ಕಿಲೋ ತೂಗುವ ಕಾರು ನಿಂತಲ್ಲಿಂದ ಹೊರಟು ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಿತು ಎನ್ನಿ. ಅದು ಪಡೆದುಕೊಂಡ ಚಲನಶಕ್ತಿ ಎಷ್ಟು? ಹೈಸ್ಕೂಲಿನಲ್ಲಿ ಕಲಿತ ಸೂತ್ರವೇ ಸಾಕು. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 7,70,000 ಜೂಲ್ ಬರುತ್ತದೆ. ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ 0.21 ಯೂನಿಟ್. ಬಚ್ಚಲುಮನೆಯ ಎರಡು ಕಿಲೋವಾಟಿನ ಗೀಸರ್ ಆರೂವರೆ ನಿಮಿಷ ಉರಿದರೆ ಅಷ್ಟು ಖರ್ಚಾಗುತ್ತದೆ. ಒಂದೆರಡು ರೂಪಾಯಿಯ ಬಾಬತ್ತು.

ಈಗ ಅದೇ ಕೆಲಸವನ್ನು ಎರಡೇ ಸೆಕೆಂಡಿನಲ್ಲಿ ಮುಗಿಸಬೇಕು ಎಂದುಕೊಳ್ಳಿ. ಬೇಕಾಗುವ ಶಕ್ತಿ ಅಷ್ಟೇ, ಆದರೆ ಅದನ್ನು ಸುರಿಯುವ ದರ ಸರಾಸರಿ 385 ಕಿಲೋವಾಟ್, ಅಂದರೆ ಐನೂರಕ್ಕೂ ಹೆಚ್ಚು ಅಶ್ವಶಕ್ತಿ. ದೊಡ್ಡ ಬ್ಯಾಟರಿಗೆ ಇದು ತೀರಾ ಕಷ್ಟದ ಕೆಲಸವಲ್ಲ. ಕೆಲವೇ ಸೆಕೆಂಡು ಇಷ್ಟು ಸಾಮರ್ಥ್ಯವನ್ನು ಹೊರಗೆ ಹಾಕುವುದು ಅದಕ್ಕೆ ಸಲೀಸು. ಅದೇ ಸಾಮರ್ಥ್ಯವನ್ನು ಇಪ್ಪತ್ತು ನಿಮಿಷ ಕೊಡು ಎಂದಾಗ ಅದು ತತ್ತರಿಸುತ್ತದೆ. ಅತಿವೇಗದ ಎಲೆಕ್ಟ್ರಿಕ್ ಕಾರುಗಳ ಹೊಗಳಿಕೆಯೆಲ್ಲ ಮೊದಲ ಎರಡು ಸೆಕೆಂಡುಗಳ ಬಗ್ಗೆಯೇ ಇರುತ್ತದೆ. ಅವುಗಳ ನಿಜವಾದ ಪರೀಕ್ಷೆ ನಡೆಯುವುದು ಆಮೇಲೆ. ಇವತ್ತು ನಾನು ಮುಖ್ಯವಾಗಿ ಆ ಆಮೇಲಿನ ಕಥೆಯನ್ನು ಹೇಳಬೇಕೆಂದು ಬಂದಿದ್ದೇನೆ.

ಪೆಟ್ರೋಲ್ ಎಂಜಿನ್ ತನ್ನ ಪೂರ್ತಿ ಬಲ ತೋರಿಸಬೇಕಾದರೆ ಮೊದಲು ತಾನು ಸಾವಿರಾರು ಸುತ್ತು ತಿರುಗುತ್ತಿರಬೇಕು. ಗಾಳಿ ಎಳೆದುಕೊಳ್ಳಬೇಕು, ಇಂಧನ ಬೆರೆಯಬೇಕು, ಸರಿಯಾದ ಗೇರ್ ಬೀಳಬೇಕು. ವಿದ್ಯುತ್ ಮೋಟಾರಿಗೆ ಈ ಪೂರ್ವಸಿದ್ಧತೆ ಬೇಡ. ಅದು ಸೊನ್ನೆ ವೇಗದಲ್ಲೇ ಗರಿಷ್ಠ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ. ಇನ್ನೊಂದು ಅನುಕೂಲ ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ. ಬ್ಯಾಟರಿಗೂ ಮೋಟಾರಿಗೂ ನಡುವೆ ಇರುವ ಇನ್ವರ್ಟರ್, ಮೋಟಾರಿಗೆ ಹೋಗುವ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ತಿದ್ದುತ್ತಿರುತ್ತದೆ. ಚಕ್ರ ಜಾರತೊಡಗಿದರೆ ಚಾಲಕನಿಗೆ ಗೊತ್ತಾಗುವುದಕ್ಕೆ ಮೊದಲೇ ಅದು ಬಲ ತಗ್ಗಿಸಿರುತ್ತದೆ. ನಾಲ್ಕು ಚಕ್ರಕ್ಕೂ ಒಂದೊಂದು ಮೋಟಾರು ಕೊಟ್ಟರೆ ತಿರುವಿನಲ್ಲಿ ಹೊರಗಿನ ಚಕ್ರವನ್ನು ಹೆಚ್ಚು ತಳ್ಳಿ, ಒಳಗಿನದನ್ನು ಹಿಡಿದಿಟ್ಟು, ಕಾರನ್ನೇ ತಿರುಗಿಸಬಹುದು. ಈ ತಂತ್ರಜ್ಞಾನದ ಅತ್ಯಂತ ಸುಂದರವಾದ ಭಾಗ ಇದೇ ಎಂದು ನನಗೆ ಅನಿಸುತ್ತದೆ. ಎರಡು ಸೆಕೆಂಡಿನ ಓಟಕ್ಕಿಂತ ಇದು ಎಷ್ಟೋ ಮೇಲು.

ಎಲೆಕ್ಟ್ರಿಕ್ ಕಾರು ವೇಗವಾಗಿ ಓಡುವುದು ಹೊಸ ಸಂಗತಿಯೇನಲ್ಲ. ಗಂಟೆಗೆ 100 ಕಿಲೋಮೀಟರ್ ದಾಟಿದ ಮೊದಲ ಕಾರೇ ವಿದ್ಯುತ್ತಿನದು. 1899ರ ಏಪ್ರಿಲ್ 29ರಂದು ಪ್ಯಾರಿಸ್ ಹತ್ತಿರದ ಅಷೇರ್‌ನಲ್ಲಿ ಬೆಲ್ಜಿಯಂನ ಕಾಮಿ ಜೆನಾಟ್ಸಿ 105.88 ಕಿಲೋಮೀಟರ್ ವೇಗದಲ್ಲಿ ಅದನ್ನು ಓಡಿಸಿದ. ಮುಂದಿನ ನೂರು ವರ್ಷ ಪೆಟ್ರೋಲ್ ಗೆದ್ದಿತು. ಕಾರಣ ಬ್ಯಾಟರಿ. ಸೀಸ ಮತ್ತು ಆಮ್ಲದ ಬ್ಯಾಟರಿ ಹೊತ್ತುಕೊಂಡು ದೂರ ಹೋಗುವುದು ಸಾಧ್ಯವಿರಲಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಎಲೆಕ್ಟ್ರಿಕ್ ಕಾರನ್ನು ನೆನೆಯಲೇಬೇಕು. ಚೇತನ್ ಮೈನಿಯವರು ವಿದ್ಯಾರ್ಥಿಯಾಗಿದ್ದಾಗ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದ ಸೌರ ಕಾರಿನ ತಂಡದಲ್ಲಿದ್ದವರು. ಅವರು ಕಟ್ಟಿದ ರೇವಾ 2001ರಲ್ಲಿ ಬೆಂಗಳೂರಿನ ರಸ್ತೆಗೆ ಬಂದಿತು. ಬೊಮ್ಮಸಂದ್ರದಲ್ಲಿ ತಯಾರಾಗುತ್ತಿದ್ದ ಆ ಪುಟ್ಟ ಎರಡು ಬಾಗಿಲಿನ ಕಾರನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ಒಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟ್. ಮೋಟಾರಿನ ಗರಿಷ್ಠ ಸಾಮರ್ಥ್ಯ ಸುಮಾರು 13 ಕಿಲೋವಾಟ್. ಹದಿಮೂರು ಸಾವಿರವನ್ನು ನಲವತ್ತೆಂಟರಿಂದ ಭಾಗಿಸಿ, ಕರೆಂಟು 270 ಆಂಪಿಯರ್ ಬರುತ್ತದೆ. ಈಗ ಅದೇ 270 ಆಂಪಿಯರನ್ನು ಪೋರ್ಶೆ ಕಂಪನಿ 2019ರಲ್ಲಿ ಟೈಕಾನ್ ಕಾರಿನ ಮೂಲಕ ತಂದ 800 ವೋಲ್ಟ್ ವ್ಯವಸ್ಥೆಯಲ್ಲಿ ಹರಿಸಿ ನೋಡಿ. ಸಿಗುವುದು 216 ಕಿಲೋವಾಟ್. ತಂತಿಯ ಮೇಲೆ ಬೀಳುವ ಹೊರೆ ಅಷ್ಟೇ, ಸಿಗುವ ಸಾಮರ್ಥ್ಯ ಮಾತ್ರ ಹದಿನಾರೂವರೆ ಪಟ್ಟು. ವೇಗದ ಕಾರುಗಳೆಲ್ಲ ವೋಲ್ಟೇಜ್ ಏರಿಸುತ್ತ ಹೋಗುತ್ತಿರುವುದು ಏಕೆ ಎಂಬುದಕ್ಕೆ ಇದಕ್ಕಿಂತ ಸರಳವಾದ ವಿವರಣೆ ನನ್ನಲ್ಲಿಲ್ಲ.

ರೇವಾ ಕಂಪನಿಯ ಹೆಚ್ಚಿನ ಪಾಲನ್ನು 2010ರಲ್ಲಿ ಮಹೀಂದ್ರ ಕೊಂಡಿತು. 2014ರಲ್ಲಿ ಬೀಜಿಂಗ್‌ನಲ್ಲಿ ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸ್ ಸರಣಿ ಆರಂಭವಾದಾಗ ಮಹೀಂದ್ರ ತಂಡ ಮೊದಲ ದಿನದಿಂದಲೇ ಅದರಲ್ಲಿತ್ತು. ಅದೇ ಮಹೀಂದ್ರದ ಒಡೆತನದ ಇಟಲಿಯ ಪಿನಿನ್‌ಫರೀನಾ ಕಂಪನಿ ಬತಿಸ್ತಾ ಎಂಬ 1,900 ಅಶ್ವಶಕ್ತಿಯ ಕಾರು ಮಾಡಿತು. 2022ರಲ್ಲಿ ಇಂದೋರ್ ಸಮೀಪದ ಪೀಥಂಪುರದ ಪರೀಕ್ಷಾ ಪಥದಲ್ಲಿ ಅದು ಕಾಲು ಮೈಲಿಯನ್ನು 8.55 ಸೆಕೆಂಡಿನಲ್ಲಿ ಮುಗಿಸಿತು. ಹದಿಮೂರು ಕಿಲೋವಾಟಿನಿಂದ ಸಾವಿರದ ನಾನೂರು ಕಿಲೋವಾಟಿಗೆ ಇಪ್ಪತ್ತೊಂದು ವರ್ಷ.

ಈ ನಡುವೆ ಬಂದದ್ದು ಲಿಥಿಯಂ ಬ್ಯಾಟರಿ. ಟೆಸ್ಲಾ 2008ರಲ್ಲಿ ಹೊರತಂದ ರೋಡ್‌ಸ್ಟರ್ ಕಾರಿನಲ್ಲಿ ಲ್ಯಾಪ್‌ಟಾಪ್‌ಗೆ ಹಾಕುವಂಥ 6,831 ಸಣ್ಣ ಸೆಲ್‌ಗಳಿದ್ದವು. ಆ ಕಾರು ನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ನೂರರ ಹತ್ತಿರ ಹೋಗುತ್ತಿತ್ತು, ಒಂದು ಚಾರ್ಜಿನಲ್ಲಿ ನಾನೂರು ಕಿಲೋಮೀಟರ್ ಸನಿಹ ಓಡುತ್ತಿತ್ತು. ಎಲೆಕ್ಟ್ರಿಕ್ ಕಾರೆಂದರೆ ಗಾಲ್ಫ್ ಮೈದಾನದ ಗಾಡಿ ಎಂಬ ತಾತ್ಸಾರಕ್ಕೆ ಅಲ್ಲಿಗೆ ತೆರೆ ಬಿತ್ತು. ವೇಗದ ಕಾರುಗಳು ಮಾಡಿದ ದೊಡ್ಡ ಉಪಕಾರ ಇದು. ಜನರ ಮನಸ್ಸಿನಲ್ಲಿ ಈ ತಂತ್ರಜ್ಞಾನಕ್ಕೆ ಅವು ಮರ್ಯಾದೆ ತಂದುಕೊಟ್ಟವು.

ನನಗೆ ಬಹಳ ಇಷ್ಟವಾದ ಓಟವೊಂದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಮೆರಿಕದ ಕೊಲರಾಡೊದಲ್ಲಿ ಪೈಕ್ಸ್ ಪೀಕ್ ಎಂಬ ಬೆಟ್ಟವಿದೆ. ಹೊರಡುವ ಜಾಗವೇ ಸಮುದ್ರಮಟ್ಟದಿಂದ 2,862 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಸಾಕಷ್ಟು ಮೇಲೆ. ಅಲ್ಲಿಂದ 156 ತಿರುವುಗಳನ್ನು ದಾಟಿ, 20 ಕಿಲೋಮೀಟರ್ ಏರಿ, 4,302 ಮೀಟರಿನ ನೆತ್ತಿ ತಲುಪಬೇಕು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ತುದಿಯಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಅರವತ್ತು ಪ್ರತಿಶತದ ಸುಮಾರು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಅಲ್ಲಿ ಉಸಿರು ಸಿಗದೆ ತನ್ನ ಬಲದ ಮೂರನೇ ಒಂದು ಭಾಗಕ್ಕೂ ಹೆಚ್ಚು ಕಳೆದುಕೊಳ್ಳುತ್ತದೆ. ಮೋಟಾರಿಗೆ ಉರಿಸಲು ಗಾಳಿಯೇ ಬೇಡವಾದ್ದರಿಂದ ಎಲ್ಲ ಎತ್ತರವೂ ಅದಕ್ಕೆ ಒಂದೇ. 2018ರ ಜೂನ್ 24ರಂದು ಫೋಕ್ಸ್‌ವ್ಯಾಗನ್ ಕಂಪನಿಯ ಐಡಿ ಆರ್ ಕಾರನ್ನು ರೊಮೇನ್ ದ್ಯುಮಾ 7 ನಿಮಿಷ 57.148 ಸೆಕೆಂಡಿನಲ್ಲಿ ತುದಿ ಮುಟ್ಟಿಸಿದರು. ಐದು ವರ್ಷ ಹಿಂದೆ ಸೆಬಾಸ್ಟಿಯನ್ ಲೋಬ್ ಪೆಟ್ರೋಲ್ ಕಾರಿನಲ್ಲಿ ಮಾಡಿದ್ದ ದಾಖಲೆಗಿಂತ ಅದು ಹದಿನಾರು ಸೆಕೆಂಡು ಕಡಿಮೆ.

ಆದರೆ ಆ ಕಾರಿನ ತೂಕ ಗಮನಿಸಿ. 680 ಅಶ್ವಶಕ್ತಿಯ ಆ ಯಂತ್ರ 1,100 ಕಿಲೋಗಿಂತ ಕಡಿಮೆ ತೂಗುತ್ತಿತ್ತು. ಬೆಟ್ಟ ಹತ್ತಿ ಮುಗಿಸುವುದಕ್ಕೆ ಬೇಕಾದಷ್ಟೇ ಬ್ಯಾಟರಿಯನ್ನು ಅದು ಹೊತ್ತಿತ್ತು. ಎಲ್ಲಿಗೆ, ಎಷ್ಟು ದೂರ ಎಂಬುದು ಮೊದಲೇ ಗೊತ್ತಿದ್ದ ಕಾರಣ ವಿನ್ಯಾಸಕಾರರು ತೂಕವನ್ನು ಕತ್ತರಿಸಬಲ್ಲವರಾದರು. ಅಂಗಡಿಯಲ್ಲಿ ಮಾರುವ ಕಾರಿಗೆ ಆ ಸೌಕರ್ಯವಿಲ್ಲ. ಅದು ಸೋಮವಾರ ಕಚೇರಿಗೂ ಹೋಗಬೇಕು, ಶನಿವಾರ ಮಡಿಕೇರಿಗೂ ಹೋಗಬೇಕು. ಹಾಗಾಗಿ ಕ್ರೊಯೇಷಿಯಾದ ರಿಮಾಟ್ಸ್ ಕಂಪನಿಯ ನೆವೆರಾ ಕಾರಿನಲ್ಲಿ 120 ಯೂನಿಟ್ ಹಿಡಿಯುವ ಬ್ಯಾಟರಿಯಿದೆ, ಕಾರಿನ ತೂಕ 2,300 ಕಿಲೋ.

ಒಂದು ಕಿಲೋ ಪೆಟ್ರೋಲಿನಲ್ಲಿ ಹನ್ನೆರಡು ಯೂನಿಟ್‌ಗೂ ಮಿಕ್ಕಿ ಶಕ್ತಿಯಿದೆ. ಎಂಜಿನ್ ಅದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಚೆಲ್ಲಿದರೂ ಮೂರು ಯೂನಿಟ್ ಚಕ್ರಕ್ಕೆ ಸಿಗುತ್ತದೆ. ಇವತ್ತಿನ ಒಳ್ಳೆಯ ಬ್ಯಾಟರಿಪೆಟ್ಟಿಗೆ ಕಿಲೋಗೆ 0.17 ಯೂನಿಟ್ ಆಸುಪಾಸು ಹಿಡಿಯುತ್ತದೆ. ಮೋಟಾರು ಎಷ್ಟೇ ದಕ್ಷವಾಗಿದ್ದರೂ ಇಪ್ಪತ್ತು ಪಟ್ಟಿನ ಅಂತರ ಉಳಿದೇ ಉಳಿಯುತ್ತದೆ. ಮೇಲಾಗಿ ಪೆಟ್ರೋಲ್ ಉರಿದಂತೆ ಕಾರು ಹಗುರವಾಗುತ್ತದೆ. ಬರಿದಾದ ಬ್ಯಾಟರಿಯೂ ತುಂಬಿದ ಬ್ಯಾಟರಿಯಷ್ಟೇ ತೂಗುತ್ತದೆ.

ಇನ್ನು ಗಾಳಿಯ ತಡೆ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳುವುದಕ್ಕೆ ಬೇಕಾದ ಸಾಮರ್ಥ್ಯ ಎಂಟು ಪಟ್ಟಾಗುತ್ತದೆ. 80 ಯೂನಿಟ್ ಬ್ಯಾಟರಿಯ ಕಾರೊಂದನ್ನು ಸಮತಟ್ಟಾದ ರಸ್ತೆಯಲ್ಲಿ ನೂರರ ವೇಗದಲ್ಲಿ ಓಡಿಸಿದರೆ ಐದು ಗಂಟೆಗೂ ಹೆಚ್ಚು ಹೋಗಬಹುದು. ಇನ್ನೂರರಲ್ಲಿ ಓಡಿಸಿದರೆ ಒಂದು ಗಂಟೆ. ಮುನ್ನೂರರಲ್ಲಿ ಇಪ್ಪತ್ತು ನಿಮಿಷ. ಸಾಧಾರಣ ಆಕಾರದ ಕಾರಿಗೆ ನಾನು ಹಾಕಿದ ಲೆಕ್ಕವಿದು. ಆಕಾರ ಸುಧಾರಿಸಿದರೆ ಐದಾರು ನಿಮಿಷ ಹೆಚ್ಚಾದೀತು, ಅಷ್ಟೇ.

ಆ ಇಪ್ಪತ್ತು ನಿಮಿಷವನ್ನೂ ಬ್ಯಾಟರಿ ಕೊಡಬೇಕಲ್ಲ! ಕರೆಂಟು ಎರಡು ಪಟ್ಟಾದರೆ ಒಳಗೆ ಹುಟ್ಟುವ ಶಾಖ ನಾಲ್ಕು ಪಟ್ಟು. ಸೆಲ್‌ಗಳು ಬೆಚ್ಚಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತವೆ, ಬಿಸಿಯೇರಿದರೆ ಬೇಗ ಹಾಳಾಗುತ್ತವೆ. ಆದ್ದರಿಂದ ಶಾಖ ಒಂದು ಮಟ್ಟ ದಾಟಿದ ಕೂಡಲೇ ಕಂಪ್ಯೂಟರ್ ತಾನೇ ಸಾಮರ್ಥ್ಯವನ್ನು ಇಳಿಸುತ್ತದೆ. ಟೆಸ್ಲಾದ ಆರಂಭದ ಮಾಡೆಲ್ ಎಸ್ ಕಾರುಗಳು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಥದಲ್ಲಿ ಒಂದು ಸುತ್ತನ್ನೂ ಪೂರ್ಣ ಬಲದಲ್ಲಿ ಮುಗಿಸಲಾಗದೆ ಸೋತದ್ದು ಈ ಕಾರಣಕ್ಕೆ. ಆ ಸುತ್ತು 20.8 ಕಿಲೋಮೀಟರ್. ಅಲ್ಲಿಂದ ಮುಂದಿನ ಪ್ರಗತಿ ಕಣ್ಣಿಗೆ ರಾಚುವಂಥದ್ದು. ಟೈಕಾನ್ ಟರ್ಬೊ ಜಿಟಿ 2023ರಲ್ಲಿ ಅದನ್ನು 7 ನಿಮಿಷ 7.55 ಸೆಕೆಂಡಿನಲ್ಲಿ ಮುಗಿಸಿತು. 2025ರಲ್ಲಿ ಚೀನಾದ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ ಏಳು ನಿಮಿಷದ ಗಡಿಯನ್ನೇ ಒಡೆಯಿತು. ಅದೇ ಕಾರು ಜರ್ಮನಿಯ ಪಾಪೆನ್‌ಬರ್ಗ್ ಪಥದಲ್ಲಿ ಗಂಟೆಗೆ 496.22 ಕಿಲೋಮೀಟರ್ ವೇಗ ಮುಟ್ಟಿತು. ಬ್ಯಾಟರಿ ತಂಪು ಮಾಡುವ ವಿದ್ಯೆ ಹತ್ತು ವರ್ಷದಲ್ಲಿ ಎಷ್ಟು ಬೆಳೆದಿದೆ ಎಂಬುದಕ್ಕೆ ಈ ಅಂಕಿಗಳೇ ಸಾಕ್ಷಿ.

ಸೋತು ಕಲಿಯುವುದನ್ನು ನೋಡಬೇಕಾದರೆ ಫಾರ್ಮುಲಾ ಇ ನೋಡಬೇಕು. ಮೊದಲ ನಾಲ್ಕು ಋತುಗಳಲ್ಲಿ ಒಂದು ಬ್ಯಾಟರಿಗೆ ಇಡೀ ರೇಸ್ ಮುಗಿಸುವ ತ್ರಾಣವಿರಲಿಲ್ಲ. ಅರ್ಧ ದಾರಿಯಲ್ಲಿ ಚಾಲಕ ಕಾರನ್ನು ಒಳಗೆ ತಂದು ನಿಲ್ಲಿಸಿ, ಬೆಲ್ಟ್ ಬಿಚ್ಚಿ, ಕೆಳಗಿಳಿದು, ಪಕ್ಕದಲ್ಲಿ ಚಾರ್ಜ್ ತುಂಬಿ ನಿಂತಿದ್ದ ಇನ್ನೊಂದು ಕಾರಿಗೆ ಹಾರಿ ಕೂರುತ್ತಿದ್ದ. ನೋಡುಗರು ನಕ್ಕರು. 2018ರ ಕೊನೆಯಲ್ಲಿ ಬಂದ ಎರಡನೇ ತಲೆಮಾರಿನ ಕಾರು ಆ ಅವಮಾನವನ್ನು ತೊಡೆದುಹಾಕಿತು. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ಓಡಿದ್ದು ಮೂರನೇ ತಲೆಮಾರು. ಅದರ ಹಿಂದಿನ ಚಕ್ರಗಳಿಗೆ ಮಾಮೂಲಿ ಹೈಡ್ರಾಲಿಕ್ ಬ್ರೇಕೇ ಇಲ್ಲ. ವೇಗ ತಗ್ಗಿಸುವಾಗ ಮೋಟಾರುಗಳೇ ಜನರೇಟರುಗಳಾಗಿ 600 ಕಿಲೋವಾಟಿನಷ್ಟು ಸಾಮರ್ಥ್ಯವನ್ನು ಬ್ಯಾಟರಿಗೆ ಹಿಂದಿರುಗಿಸಬಲ್ಲವು. ಒಂದು ರೇಸಿಗೆ ಬೇಕಾದ ಶಕ್ತಿಯಲ್ಲಿ ಸುಮಾರು 40 ಪ್ರತಿಶತ ಹೀಗೆ ಬ್ರೇಕಿನಿಂದಲೇ ಬರುತ್ತದೆ. ವಿದ್ಯಾರ್ಥಿಗಳೇ, ವೇಗದ ಕಾರಿನ ಭರವಸೆ ಎಲ್ಲಿದೆ ಎಂದು ಕೇಳಿದರೆ ನಾನು ಬೆರಳು ತೋರಿಸುವುದು ಇಲ್ಲಿಗೆ. ಮುಂದೆ ಓಡುವ ಅಬ್ಬರಕ್ಕಿಂತ ನಿಲ್ಲುವಾಗ ಉಳಿಸುವ ಜಾಣ್ಮೆ ದೊಡ್ಡದು. ನಗರದ ಬಸ್ಸಿಗೂ ಆಟೋಗೂ ನಾಳೆ ಉಪಯೋಗಕ್ಕೆ ಬರುವುದು ಅದು.

ಮಾರುಕಟ್ಟೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ನೆವೆರಾ 412 ಕಿಲೋಮೀಟರ್ ವೇಗ ಮುಟ್ಟಿತು, 2023ರಲ್ಲಿ ಒಂದೇ ದಿನ 23 ದಾಖಲೆ ಮಾಡಿತು. ಆದರೂ ಮಾಡಲು ಉದ್ದೇಶಿಸಿದ್ದ 150 ಕಾರುಗಳು ಪೂರ್ತಿ ಮಾರಾಟವಾಗಿಲ್ಲ, ಅತಿ ಶ್ರೀಮಂತರಿಗೆ ಎಲೆಕ್ಟ್ರಿಕ್ ಬೇಡವಾಗಿದೆ ಎಂದು ಕಂಪನಿಯ ಸ್ಥಾಪಕ ಮಾಟೆ ರಿಮಾಟ್ಸ್ 2024ರಲ್ಲಿ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಅವರ ನೇತೃತ್ವದ ಬುಗಾಟಿ ಹದಿನಾರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿಗೆ ಮೋಟಾರು ಜೋಡಿಸಿದ ಹೈಬ್ರಿಡ್ ಕಾರನ್ನು ತಂದಿತು. ಕೋಟಿಗಟ್ಟಲೆ ಕೊಡುವವರು ಸದ್ದನ್ನು, ಗೇರಿನ ಹೊಡೆತವನ್ನು, ಕೈಕೆಲಸವನ್ನು ಬಯಸುತ್ತಾರೆ. ಹ್ಯುಂಡೈನ ಐಯಾನಿಕ್ 5 ಎನ್ ಅದಕ್ಕಾಗಿಯೇ ಇಲ್ಲದ ಗೇರುಗಳ ಅನುಭವವನ್ನೂ ಎಂಜಿನ್ನಿನ ಸದ್ದನ್ನೂ ತಂತ್ರಾಂಶದಿಂದ ಸೃಷ್ಟಿಸುತ್ತದೆ. ಓಡಿಸುವವನಿಗೆ ಅದರಿಂದ ವೇಗದ ಅರಿವು ಹೆಚ್ಚುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ತಪ್ಪೆನ್ನುವುದಿಲ್ಲ.

ವೇಗದ ಅರಿವು ಎಂದೆ. ನನಗೆ ನಿಜವಾಗಿ ಭಯ ಹುಟ್ಟಿಸುವ ಸಂಗತಿ ಇದು. ಮೊದಲು ನಾಲ್ಕು ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುವ ಕಾರು ಬೇಕೆಂದರೆ ಕೋಟಿಗಳನ್ನು ಎಣಿಸಬೇಕಿತ್ತು. 2024ರಲ್ಲಿ ಭಾರತಕ್ಕೆ ಬಂದ ಬಿವೈಡಿ ಸೀಲ್ ಕಾರಿನ ದುಬಾರಿ ಮಾದರಿ 53 ಲಕ್ಷಕ್ಕೆ 3.8 ಸೆಕೆಂಡು ಕೊಟ್ಟಿತು. ಆ ಕಾರು ಮೈಸೂರಿನಿಂದ ಬೆಂಗಳೂರಿಗೆ ಹೊರಟು ಗಣಂಗೂರು ಟೋಲಿನಲ್ಲಿ ನಿಂತಿದೆ ಎಂದುಕೊಳ್ಳಿ. ಗೇಟು ಎದ್ದೊಡನೆ ಚಾಲಕ ಪೆಡಲನ್ನು ಪೂರ್ತಿ ಒತ್ತಿದರೆ 53 ಮೀಟರ್ ದಾಟುವುದರೊಳಗೆ ಅದು ನೂರರ ವೇಗದಲ್ಲಿರುತ್ತದೆ. ಆ ವೇಗದಿಂದ ನಿಲ್ಲಬೇಕಾದರೆ, ಬ್ರೇಕಿನ ಮೇಲೆ ಕಾಲು ಹೋಗುವುದಕ್ಕೆ ಹಿಡಿಯುವ ಒಂದು ಸೆಕೆಂಡೂ ಸೇರಿ, ಸುಮಾರು 70 ಮೀಟರ್ ಬೇಕು. ಹೊರಡಲು ಬೇಕಾದ ದೂರಕ್ಕಿಂತ ನಿಲ್ಲಲು ಬೇಕಾದ ದೂರ ಹೆಚ್ಚು. ಪಕ್ಕದ ಸಾಲಿನ ಹಳೆಯ ಕಾರಿನವನಾಗಲಿ, ರಸ್ತೆ ದಾಟಲು ನೋಡುತ್ತಿರುವ ಹಳ್ಳಿಯ ಅಜ್ಜಿಯಾಗಲಿ ಇಂಥ ವೇಗವನ್ನು ಅಂದಾಜು ಮಾಡಿ ಅಭ್ಯಾಸವಿಲ್ಲದವರು. ಸದ್ದೂ ಇಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಶೇಕಡಾ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಇಂಥ ದೇಶದಲ್ಲಿ ಐನೂರು ಅಶ್ವಶಕ್ತಿಯನ್ನು ಸಾಮಾನ್ಯ ಲೈಸೆನ್ಸಿನವರ ಕೈಗೆ ಯಾವ ಷರತ್ತೂ ಇಲ್ಲದೆ ಕೊಡುವುದು ತಪ್ಪು. ಈ ಮಾತನ್ನು ಎಷ್ಟು ಖಡಾಖಂಡಿತವಾಗಿ ಹೇಳಿದರೂ ಕಡಿಮೆ.

ಪರಿಹಾರ ತಂತ್ರಾಂಶದಲ್ಲೇ ಇದೆ. 2025ರ ಮೇ ತಿಂಗಳಿನಲ್ಲಿ ಚೀನಾದ ಶಿಯೋಮಿ ಕಂಪನಿ ತನ್ನ 1,548 ಅಶ್ವಶಕ್ತಿಯ ಎಸ್‌ಯು7 ಅಲ್ಟ್ರಾ ಕಾರನ್ನು, ರೇಸ್ ಪಥದಲ್ಲಿ ನಿಗದಿತ ಸಮಯ ದಾಖಲಿಸುವವರೆಗೆ ಸುಮಾರು 900ಕ್ಕೆ ಮಿತಿಗೊಳಿಸಿತು. ಕೊಂಡವರು ರೊಚ್ಚಿಗೆದ್ದರು, ಕಂಪನಿ ಹಿಂದೆ ಸರಿಯಿತು. ಮಾರಿದ ಮೇಲೆ ಹೇಳದೆ ಕಡಿತ ಮಾಡಿದ್ದು ಸರಿಯಲ್ಲ, ಆದರೆ ಆಲೋಚನೆ ಸರಿಯಾಗಿತ್ತು. ಅದೇ ವರ್ಷ ನವೆಂಬರಿನಲ್ಲಿ ಚೀನಾ ಪ್ರಕಟಿಸಿದ ಕರಡು ನಿಯಮ ಇನ್ನೂ ಸ್ಪಷ್ಟ. ಕಾರನ್ನು ಪ್ರತಿ ಸಲ ಚಾಲೂ ಮಾಡಿದಾಗಲೂ ಅದು ನೂರರ ವೇಗ ಮುಟ್ಟಲು ಕನಿಷ್ಠ ಐದು ಸೆಕೆಂಡು ತೆಗೆದುಕೊಳ್ಳುವ ಸ್ಥಿತಿಯಲ್ಲೇ ಇರಬೇಕು. ಅದಕ್ಕಿಂತ ಹೆಚ್ಚು ಬೇಕಾದವರು ತಿಳಿದೇ ಆರಿಸಿಕೊಳ್ಳಬೇಕು. ನೆವೆರಾ ಕೂಡ ಗ್ರಾಹಕರ ಕೈಯಲ್ಲಿ ಗಂಟೆಗೆ 352 ಕಿಲೋಮೀಟರಿಗೆ ನಿಲ್ಲುತ್ತದೆ. ಅದರಾಚೆಗೆ ಹೋಗಬೇಕಾದರೆ ಕಂಪನಿಯ ತಂಡ ಟೈರ್ ಪರೀಕ್ಷಿಸಿ ಅನುಮತಿ ಕೊಡಬೇಕು. ಈ ಬಗೆಯ ನಿಯಮ ನಮ್ಮಲ್ಲೂ ಬರಬೇಕು, ಅಪಘಾತಗಳು ನಡೆದ ಮೇಲಲ್ಲ, ಈಗಲೇ.

ಬೆಂಕಿಯ ಬಗ್ಗೆ ಒಂದು ಮಾತು. ಎಲೆಕ್ಟ್ರಿಕ್ ಕಾರು ಹೊತ್ತಿಕೊಳ್ಳುವುದು ದಿನನಿತ್ಯದ ಸಂಗತಿಯಲ್ಲ. ಹೊತ್ತಿಕೊಂಡರೆ ಮಾತ್ರ ಆರಿಸುವುದು ಕಠಿಣ. ಒಂದು ಸೆಲ್ಲಿನ ಶಾಖ ಪಕ್ಕದ ಸೆಲ್ಲಿಗೆ ಹಬ್ಬುತ್ತದೆ, ಆರಿತೆಂದುಕೊಂಡದ್ದು ಗಂಟೆಗಳ ನಂತರ ಮತ್ತೆ ಏಳುತ್ತದೆ. 2017ರಲ್ಲಿ ಸ್ವಿಟ್ಜರ್‌ಲೆಂಡಿನ ಹೆಂಬರ್ಗ್‌ನಲ್ಲಿ ಟಿವಿ ನಿರೂಪಕ ರಿಚರ್ಡ್ ಹ್ಯಾಮಂಡ್ ಓಡಿಸುತ್ತಿದ್ದ ರಿಮಾಟ್ಸ್ ಕಾರು ಇಳಿಜಾರಿಗೆ ಉರುಳಿ ಸುಟ್ಟು ಕರಕಲಾಯಿತು. ಅವರು ಹೊರಬಂದಿದ್ದರಿಂದ ಬದುಕಿದರು. ಬ್ಯಾಟರಿ ಬೆಂಕಿಗೆ ಬೇಕಾದ ತರಬೇತಿ ನಮ್ಮ ಹೆದ್ದಾರಿಯ ಪ್ರತಿ ಅಗ್ನಿಶಾಮಕ ಠಾಣೆಗೂ ಸಿಗಬೇಕು.

ಇನ್ನು ಪ್ರಶ್ನೆಗಳು. ಒಬ್ಬ ವಿದ್ಯಾರ್ಥಿನಿ ಕೇಳಿದರು: "ಸರ್, ನೆವೆರಾದ ಒಂದು ಬ್ಯಾಟರಿಯಲ್ಲಿ ನಲವತ್ತು ಸ್ಕೂಟರ್ ಮಾಡಬಹುದಲ್ಲವೇ? ಹಾಗಿರುವಾಗ ಇಂಥ ಕಾರುಗಳು ಯಾಕೆ ಬೇಕು?"

ಲೆಕ್ಕ ಸರಿಯಾಗಿದೆ. ಮೂರು ಯೂನಿಟಿನ ಸ್ಕೂಟರ್ ಆದರೆ ನಲವತ್ತು. ನೂರೈವತ್ತು ಕಾರುಗಳಾದರೆ ಆರು ಸಾವಿರ ಸ್ಕೂಟರ್, ಪ್ರಯೋಗಾಲಯದ ಖರ್ಚೆಂದು ಒಪ್ಪಬಹುದಾದ ಸಂಖ್ಯೆ. ಅದೇ ಗೀಳು ಲಕ್ಷಾಂತರ ಕಾರುಗಳಿಗೆ ಹಬ್ಬಿ, ಪ್ರತಿ ಮಧ್ಯಮವರ್ಗದ ಕಾರೂ ಎರಡೂವರೆ ಟನ್ ಆದಾಗ ಒಪ್ಪಲಾಗುವುದಿಲ್ಲ. ತೂಕ ಹೆಚ್ಚಿದಷ್ಟೂ ಟೈರ್ ಬೇಗ ಸವೆಯುತ್ತದೆ, ಆ ಪುಡಿ ನಮ್ಮ ಶ್ವಾಸಕೋಶಕ್ಕೂ ಕೆರೆಗೂ ಹೋಗುತ್ತದೆ. ನಮ್ಮ ರಾಜ್ಯ 2024ರಲ್ಲಿ 25 ಲಕ್ಷ ಮೀರಿದ ಎಲೆಕ್ಟ್ರಿಕ್ ಕಾರುಗಳಿಗೆ ಹತ್ತು ಪ್ರತಿಶತ ಆಜೀವ ತೆರಿಗೆ ಹಾಕಿತು. ಅದಕ್ಕೂ ಮೊದಲು ಅವಕ್ಕೆ ಪೂರ್ತಿ ವಿನಾಯಿತಿಯಿತ್ತು. ನಾನು ಆ ತೆರಿಗೆಯ ಪರ. ಬೆಲೆಯ ಜೊತೆಗೆ ತೂಕವನ್ನೂ ನೋಡಿ ತೆರಿಗೆ ಹಾಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, ಮಗ ಇಂಥದ್ದೊಂದು ಕಾರು ಕೊಳ್ಳಬೇಕೆಂದು ಹಟ ಹಿಡಿದಿದ್ದಾನೆ, ಶೋರೂಮಿನಲ್ಲಿ ಏನು ಕೇಳಬೇಕು ಎಂದರು.

ನೂರಕ್ಕೆ ಎಷ್ಟು ಸೆಕೆಂಡು ಎಂದು ಕೇಳಬೇಡಿ, ಅದನ್ನು ಅವರೇ ಹೇಳುತ್ತಾರೆ. ಬ್ಯಾಟರಿ ಇಪ್ಪತ್ತು ಪ್ರತಿಶತಕ್ಕೆ ಇಳಿದಾಗ ಎಷ್ಟು ಸಾಮರ್ಥ್ಯ ಉಳಿಯುತ್ತದೆ ಎಂದು ಕೇಳಿ. ವೋಲ್ಟೇಜ್ ಬಿದ್ದಾಗ ಬಲವೂ ಇಳಿಯುತ್ತದೆ. ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ವೇಗದ ಚಾರ್ಜರಿಗೆ ಹಾಕಿದರೆ ಹತ್ತರಿಂದ ಎಂಬತ್ತು ಪ್ರತಿಶತಕ್ಕೆ ಎಷ್ಟು ನಿಮಿಷ ಎಂದು ಕೇಳಿ. ನಾಲ್ಕು ಟೈರಿನ ಬೆಲೆ, ಅವು ಎಷ್ಟು ಸಾವಿರ ಕಿಲೋಮೀಟರ್ ಬಾಳುತ್ತವೆ, ಸ್ಟೆಪ್ನಿ ಇದೆಯೇ ಎಂದು ಕೇಳಿ. ಕರೆಂಟು ಹೋದರೆ ಬಾಗಿಲನ್ನು ಒಳಗಿನಿಂದ ಕೈಯಲ್ಲೇ ತೆರೆಯುವುದು ಹೇಗೆ ಎಂದು ತೋರಿಸಲು ಹೇಳಿ, ಹಿಂದಿನ ಸೀಟಿನಲ್ಲಿ ಕೂತು ನೀವೇ ಒಮ್ಮೆ ತೆರೆದು ನೋಡಿ. ಕೊನೆಗೆ, ಸಾಮರ್ಥ್ಯಕ್ಕೆ ಮಿತಿ ಹಾಕಿ ಅದಕ್ಕೆ ಪಾಸ್‌ವರ್ಡ್ ಇಡುವ ಸೌಲಭ್ಯ ಇದೆಯೇ ಎಂದು ವಿಚಾರಿಸಿ. ಇದ್ದರೆ, ಆ ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ.